ಬಾಣಂತಿ ಖೋಲಿಗೆ ನರ್ಸಬಾಯಿ ಬಂದದ್ದು

ನಮ್ಮ ಮನ್ಯಾಗ ಬಾಣಂತಿಗೆ ನೀರು ಕೊಡೂದಕ್ಕ ಒಂದು ಲೆಕ್ಕ ಇತ್ತು. ಮಧ್ಯಾಹ್ನ ಊಟ ಆದಮ್ಯಾಲೆ ಒಂದು ಸಣ್ಣ ವಾಟಗಾ, ರಾತ್ರಿ ಊಟ ಆದಮ್ಯಾಲೆ ಒಂದು. ಅದೂ ಒಣಶುಂಠಿ, ಜೀರಿಗಿ ಹಾಕಿ ಕುದಿಸಿ ಇಳಿಸಿದ ನೀರು. ನಡುವ ನೀರಡಿಕಿ ಆದ್ರ ಎಲಿ ಅಡಿಕಿ ಬಾಯಾಗ ಹಾಕ್ಕೋಬೇಕು. ಯಾಕ ಹಿಂಗ ಅಂತ ಕೇಳಿದ್ರ ನಮ್ಮವ್ವ ಒಂದೇ ಮಾತು ಹೇಳತಿದ್ಲು: "ನಿಮ್ಮ ದೊಡ್ಡವ್ವ ನೀರು ಕುಡದ ಹೋದ್ಲು." ಆ ಮಾತಿನ ಮುಂದ ಯಾರೂ ಎರಡನೇ ಮಾತು ಆಡತಿದ್ದಿಲ್ಲ.

ದೊಡ್ಡವ್ವ ಅಂದ್ರ ನಮ್ಮವ್ವನ ಹಿರಿಯಕ್ಕ. 1941ರಾಗ ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಗ ಆಕಿಗೆ 17 ವರ್ಷ. ಧಾರವಾಡ ಜಿಲ್ಲೆಯ ಸಣ್ಣ ಹಳ್ಳಿ. ಸೂಲಗಿತ್ತಿ ಬಂದ್ಲು, ಹೆರಿಗಿ ಸಲೀಸಾತು, ಗಂಡು ಕೂಸು. ಮೂರನೇ ದಿನಕ್ಕ ಮೈ ನಡುಗಿ ಜ್ವರ ಬಂತು. ಹೊಟ್ಟಿ ಉಬ್ಬಿ ಮುಟ್ಟಗೊಡಲಿಲ್ಲ. ಎಷ್ಟು ಲೋಬಾನ ಹಾಕಿದ್ರೂ ಖೋಲಿಯೊಳಗಿನ ಕೆಟ್ಟ ವಾಸನಿ ಹೋಗಲಿಲ್ಲ ಅಂತ ಅಜ್ಜಿನೇ ಹೇಳತಿದ್ಲು. ಆರನೇ ದಿನ ರಾತ್ರಿ ಎಲ್ಲಾರೂ ಮಲಗಿದಾಗ ದೊಡ್ಡವ್ವ ತೆವಳಿಕೊಂಡು ಬಚ್ಚಲಮನಿಗೆ ಹೋಗಿ, ಕೊಡದಾಗಿನ ತಣ್ಣೀರು ಗಟಗಟ ಕುಡದ್ಲಂತ. ಮುಂಜಾನೆ ಬಡಬಡಿಸಲಿಕ್ಕೆ ಸುರು ಮಾಡಿದ್ಲು. ಒಂಬತ್ತನೇ ದಿನ ಹೋದ್ಲು. "ತಣ್ಣೀರು ಕುಡದಳು, ಸನ್ನಿ ಆತು" ಅಂತ ಊರೆಲ್ಲಾ ಅಂದ್ರು. ಮನ್ಯಾಗೂ ಅದೇ ಮಾತು ಉಳೀತು.

ಆವತ್ತು ರಾತ್ರಿ ಆ ಖೋಲಿ ಬಾಗಲಾಗ ಮಲಗಿದ್ದಾಕಿ ನಮ್ಮವ್ವ. ಆಕಿಗೆ ಆವಾಗ 9 ವರ್ಷ. "ನನಗ ಎಚ್ಚರ ಆಗಿದ್ರ ಅಕ್ಕನ್ನ ಬಿಡತಿದ್ದಿಲ್ಲ" ಅಂತ ಮುದುಕಿ ಆದಮ್ಯಾಲೂ ಅಂತಿದ್ಲು. ಆ ಕೂಸನ್ನ ಅಜ್ಜಿ ಆಡಿನ ಹಾಲು ಹಾಕಿ ಬೆಳಸಿದ್ಲು. ಅಂವ ಈಗ ಎಂಬತ್ತು ದಾಟಿದ ನಮ್ಮ ಅಣ್ಣ. ತನ್ನ ಅವ್ವ ಕದ್ದು ನೀರು ಕುಡದು ಸತ್ಲು ಅನ್ನೂ ಮಾತು ಕೇಳಿಕೋತನೇ ದೊಡ್ಡಾಂವ ಆದ.

ಹೋದ ವರ್ಷ ನನ್ನ ಸಣ್ಣ ಮಗಳ ಬಾಣಂತನ ಮಾಡಿದೆ. ಆವಾಗ ಒಂದು ಘಟನಾ ಆತು, ಅದನ್ನ ಕಡೀಕ ಹೇಳತೀನಿ. ಅದಾದ ಮ್ಯಾಲೆ ನನಗ ಈ ನೀರಿನ ಲೆಕ್ಕ, ಬಾಣಂತಿ ಖೋಲಿ, ಅದರೊಳಗ ನರ್ಸಬಾಯಿ ಹೆಂಗ ಬಂದ್ಲು ಅನ್ನೂದೆಲ್ಲಾ ತಿಳಕೋಬೇಕು ಅನಸ್ತು. ಓದಿದ್ದು, ಕೇಳಿದ್ದು, ನೋಡಿದ್ದು ಎಲ್ಲಾ ಕೂಡಿಸಿ ಬರದೀನಿ.

ಮೊದಲ ಒಂದು ಮಾತು. ನಮ್ಮ ಹಿರ್ಯಾರ ಬಾಣಂತನ ಎಲ್ಲಾ ತಪ್ಪು ಅಂತ ನಾ ಹೇಳೂದಿಲ್ಲ. ಹೊಲ, ಮನಿ, ಬೀಸೂದು, ಕುಟ್ಟೂದು ಅಂತ ವರ್ಷಪೂರ್ತಿ ದುಡಿಯೂ ಹೆಣ್ಣಮಗಳಿಗೆ 40 ದಿನ ಹೊರಸಿನ ಮ್ಯಾಲೆ ಕೂತು ಉಣ್ಣೂ ಹಕ್ಕು ಕೊಟ್ಟಿದ್ದು ಆ ಖೋಲಿ ಒಂದೇ. ಅಂಟಿನುಂಡಿ, ಅಳ್ವಿ ಪಾಯಸ, ಸಬ್ಬಸಗಿ ಪಲ್ಯಾ, ಮೆಣಸಿನ ಸಾರು, ಮ್ಯಾಲೆ ತುಪ್ಪ. ಎಣ್ಣಿ ಹಚ್ಚಿ ತಿಕ್ಕಿ, ಹಂಡೇದಾಗಿನ ಬಿಸಿನೀರು ಎರದು, ಅಗ್ಗಿಷ್ಟಿಗಿ ಮುಂದ ಕಾಯಿಸಿ, ತಲಿಗೆ ಅರವಿ ಕಟ್ಟಿ ಮಲಗಸ್ತಿದ್ರು. ಇಷ್ಟು ಸೇವಾ ಆಕಿಗೆ ಜನ್ಮದಾಗ ಮತ್ತ ಸಿಗತಿದ್ದಿಲ್ಲ.

ಆದ್ರ ಅದರ ಜೋಡೀನೇ ಬ್ಯಾರೆ ಸಂಗತಿನೂ ಇದ್ವು. ಕಿಡಕಿ ಮುಚ್ಚಿದ ಖೋಲಿ, ಹೊಗಿ. ಸೂತಕ ಅಂತ ಹಳೇ ಅರವಿ, ಹರಕು ಕೌದಿ. ಮೊದಲ ಮೂರು ದಿನದ ಹಳದಿ ಹಾಲು ಕೂಸಿಗೆ ಆಗೂದಿಲ್ಲ ಅಂತ ಹಿಂಡಿ ಚೆಲ್ಲೂದು. ಎಮ್ಮಿ ಈದ್ರ ಗಿಣ್ಣ ಕಾಸಿ ಓಣಿಗೆಲ್ಲಾ ಹಂಚಿ ತಿಂತಿದ್ವಿ, ನಮ್ಮ ಕೂಸಿನ ಪಾಲಿನ ಗಿಣ್ಣ ಮಾತ್ರ ಬಚ್ಚಲಕ್ಕ ಹೋಗತಿತ್ತು. ಇಷ್ಟೆಲ್ಲಾ ಮಂದಿ ಸುತ್ತ ಇದ್ರೂ, "ನಿನಗ ಏನ ಆಗೇದವಾ, ಎಲ್ಲೆ ನೋಯ್ತದ, ಏನ ಬೇಕು" ಅಂತ ಬಾಣಂತಿನ್ನ ಕೇಳೂ ರೂಢಿ ಇದ್ದಿಲ್ಲ. ಆಕಿ ಮೈ ಆಕಿಗೆ ಏನ ಹೇಳ್ತದ ಅನ್ನೂದು ಲೆಕ್ಕಕ್ಕ ಬರತಿದ್ದಿಲ್ಲ. ನೀರಡಿಕಿ ಆದ್ರ ಅದು ಆಶಾ, ಚಳಿ ಬಂದ್ರ ಅದು ಥಂಡಿ, ಅಳು ಬಂದ್ರ ಅದು ದೃಷ್ಟಿ.

ಇನ್ನ ಆ ಜ್ವರದ ಸಂಗತಿ. ನಾವು ಬಾಣಂತಿ ಸನ್ನಿ ಅಂತೀವಲ್ಲಾ, ಅದರಾಗ ಜ್ವರ ಬಂದು ಬಡಬಡಿಸೂ ತರಹದ್ದಕ್ಕ ಸೂತಿಕಾ ಜ್ವರ ಅಂತಾರ. ಇದು ನಮ್ಮ ಹಳ್ಳಿದಷ್ಟೇ ರೋಗ ಅಲ್ಲ. ಯುರೋಪಿನ ದೊಡ್ಡ ದೊಡ್ಡ ದವಾಖಾನಿಯೊಳಗ ಇದರಿಂದ ಸತ್ತ ತಾಯಂದ್ರಿಗೆ ಲೆಕ್ಕನೇ ಇಲ್ಲ.

ಆಸ್ಟ್ರಿಯಾ ದೇಶದ ವಿಯೆನ್ನಾ ಊರಾಗ ಒಂದು ದೊಡ್ಡ ಹೆರಿಗಿ ದವಾಖಾನಿ ಇತ್ತು. ಅದರಾಗ ಎರಡು ವಿಭಾಗ. ಒಂದನೇದರಾಗ ಡಾಕ್ಟರು, ಡಾಕ್ಟರಕಿ ಕಲಿಯೂ ಹುಡುಗರು ಹೆರಿಗಿ ಮಾಡಸ್ತಿದ್ರು. ಎರಡನೇದರಾಗ ಸೂಲಗಿತ್ತಿಯರು. ಡಾಕ್ಟರ ವಿಭಾಗದಾಗ ಸರಾಸರಿ ನೂರಕ್ಕ ಹತ್ತು ತಾಯಂದ್ರು ಸಾಯ್ತಿದ್ರು, ಸೂಲಗಿತ್ತಿಯರ ವಿಭಾಗದಾಗ ನೂರಕ್ಕ ನಾಕಕ್ಕಿಂತ ಕಡಿಮಿ. ಊರ ಬಡ ಹೆಂಗಸರಿಗೆ ಇದು ಗೊತ್ತಿತ್ತು. ಒಂದನೇ ವಿಭಾಗಕ್ಕ ಹಾಕಬ್ಯಾಡ್ರಿ ಅಂತ ಮೊಣಕಾಲೂರಿ ಬೇಡಿಕೋತಿದ್ರಂತ. ಅವರ ಮಾತು ಯಾರೂ ಕೇಳಲಿಲ್ಲ.

ಅಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೂ ಡಾಕ್ಟರಗೆ 1847ರಾಗ ಕಾರಣ ಹೊಳೀತು. ಡಾಕ್ಟರು, ಹುಡುಗರು ಹೆಣ ಕೊಯ್ದು ನೋಡಿ, ಅದೇ ಕೈಲೆ ಬಂದು ಬಾಣಂತಿಯರನ್ನ ಮುಟ್ಟತಿದ್ರು. ಸೂಲಗಿತ್ತಿಯರು ಹೆಣ ಮುಟ್ಟತಿದ್ದಿಲ್ಲ. ಸುಣ್ಣಕ್ಕ ಕ್ಲೋರಿನ್ ಕೂಡಿಸಿದ ನೀರಾಗ ಕೈ ತೊಳಕೊಂಡೇ ಒಳಗ ಬರ್ರಿ ಅಂತ ಅಂವ ಕಟ್ಟುನಿಟ್ಟು ಮಾಡಿದ. ಮರುವರ್ಷ 1848ರಾಗ ಸಾವು ನೂರಕ್ಕ ಒಂದರ ಆಸುಪಾಸಿಗೆ ಇಳೀತು. ಆದ್ರೂ ದೊಡ್ಡ ಡಾಕ್ಟರು ಒಪ್ಪಲಿಲ್ಲ. ತಮ್ಮ ಕೈಲೆ ಸಾವು ಬರ್ತದ ಅಂದ್ರ ಯಾರು ಒಪ್ತಾರ? ಅಂವ 1865ರಾಗ ಹುಚ್ಚರ ದವಾಖಾನಿಯೊಳಗ ಸತ್ತ.

ನರ್ಸ್ ಅಂದ ಕೂಡಲೇ ನೆನಪಾಗೂ ಫ್ಲಾರೆನ್ಸ್ ನೈಟಿಂಗೇಲ್ ಬಾಯಿಗೂ ಈ ಪೆಟ್ಟು ಬಿದ್ದದ. ಸೂಲಗಿತ್ತಿ ವಿದ್ಯಾ ಕಲಸಲಿಕ್ಕೆ ಅಂತ ಲಂಡನ್ನಿನ ಕಿಂಗ್ಸ್ ಕಾಲೇಜ್ ದವಾಖಾನಿಯೊಳಗ ಆಕಿ ಒಂದು ಹೆರಿಗಿ ವಾರ್ಡು ಮಾಡಸಿದ್ಲು. ಸೂತಿಕಾ ಜ್ವರದ ಸಾವು ಹೆಚ್ಚಾಗಿ 1867ರಾಗ ಅದನ್ನ ಮುಚ್ಚಬೇಕಾತು. ಆಕಿ ತಪ್ಪು ಮುಚ್ಚಿಡಲಿಲ್ಲ. ಎಲ್ಲೆಲ್ಲಿ ಎಷ್ಟು ತಾಯಂದ್ರು ಸತ್ತಾರ ಅಂತ ಲೆಕ್ಕ ತಗದು 1871ರಾಗ ಒಂದು ಪುಸ್ತಕ ಬರದ್ಲು. ಮಂದಿ ತುಂಬಿದ ಹೆರಿಗಿ ವಾರ್ಡಿಗಿಂತ ಮನ್ಯಾಗಿನ ಹೆರಿಗಿಯೊಳಗೇ ಸಾವು ಕಡಿಮಿ ಅಂತ ಅದರಾಗ ತೋರಿಸಿದ್ಲು.

ಇದನ್ನ ಯಾಕ ಇಷ್ಟು ಹೇಳಿದೆ ಅಂದ್ರ, ದೊಡ್ಡವ್ವನ ಹೆರಿಗಿ ಮಾಡಸಿದ ಸೂಲಗಿತ್ತಿಗೆ ಯಾರೂ ಬೈಬಾರದು. ವಿಯೆನ್ನಾದ ದೊಡ್ಡ ಡಾಕ್ಟರಿಗೇ ತಿಳೀದ ಸಂಗತಿ ಆಕಿಗೆ ಯಾರು ಹೇಳಿದ್ರು?

ಹೇಳೂ ಪ್ರಯತ್ನ ಸುರು ಆಗಿತ್ತು, ಆದ್ರ ನಮ್ಮ ಹಳ್ಳಿತನಕ ಬಂದಿದ್ದಿಲ್ಲ. 1885ರಾಗ ವೈಸರಾಯನ ಹೆಂಡತಿ ಲೇಡಿ ಡಫರಿನ್ ಹೆಸರಿಲೆ ಒಂದು ನಿಧಿ ಆತು. ಗಂಡಸು ಡಾಕ್ಟರಿಗೆ ಮೈ ತೋರಿಸಲಾರದ ಹೆಣ್ಣಮಕ್ಕಳಿಗೆ ಹೆಣ್ಣು ಡಾಕ್ಟರು, ನರ್ಸು, ಸೂಲಗಿತ್ತಿಯರನ್ನ ತಯಾರ ಮಾಡೂದು ಅದರ ಕೆಲಸ. ಮರುವರ್ಷ ಮುಂಬಯಿಯೊಳಗ ಹೆಣ್ಣಮಕ್ಕಳಿಗಂತನೇ ಕಾಮಾ ದವಾಖಾನಿ ತಗೀತು. ಆವಾಗ ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲಾ ಮುಂಬಯಿ ಪ್ರಾಂತದಾಗೇ ಇದ್ವು. 1903ರಾಗ ಲೇಡಿ ಕರ್ಜನ್ ಸೂಲಗಿತ್ತಿಯರ ತರಬೇತಿಗೆ ಅಂತ ಇನ್ನೊಂದು ನಿಧಿ ಮಾಡಿದ್ಲು. ಪುಣೆಯೊಳಗ ರಮಾಬಾಯಿ ರಾನಡೆಯವರು 1909ರಾಗ ಸುರು ಮಾಡಿದ ಸೇವಾಸದನದಾಗ ಸಣ್ಣ ವಯಸ್ಸಿನ ವಿಧವೆಯರೂ ನರ್ಸ್ ತರಬೇತಿ ತಗೊಂಡ್ರು. ವಿಚಾರ ಮಾಡ್ರಿ. ಶುಭಕಾರ್ಯಕ್ಕ ಎದುರು ಬರಬಾರದು ಅಂತ ಮೂಲಿಗೆ ಕೂಡಿಸಿದ ಹುಡುಗಿಯರು ಬಿಳಿ ಸೀರಿ ಉಟ್ಟು ಮಂದಿ ಮಕ್ಕಳನ್ನ ಹೆರಿಗಿ ಮಾಡಸಲಿಕ್ಕೆ ಹೊಂಟ್ರು. ಮೈಲಿಗಿ ಕೆಲಸ ಅಂತ ಅವರಿಗೆ ಮಂದಿ ಅಂದದ್ದೂ ಕಡಿಮಿ ಅಲ್ಲ.

ಔಷಧನೂ ಬಂದಿತ್ತು. 1935ರಾಗ ಜರ್ಮನಿಯೊಳಗ ಸಲ್ಫಾ ಜಾತಿಯ ಮೊದಲ ಔಷಧ ಹೊರಗ ಬಂತು. ಮರುವರ್ಷ ಲಂಡನ್ನಿನ ಕ್ವೀನ್ ಷಾರ್ಲಟ್ಸ್ ದವಾಖಾನಿಯೊಳಗ ಕೋಲ್‌ಬ್ರೂಕ್ ಅನ್ನೂ ಡಾಕ್ಟರು ಅದನ್ನ ಸೂತಿಕಾ ಜ್ವರಕ್ಕ ಕೊಟ್ಟು ಎಷ್ಟೋ ತಾಯಂದ್ರನ್ನ ಉಳಿಸಿದ್ರು. ಅಂದ್ರ 1941ರಾಗ ದೊಡ್ಡವ್ವನ ಜ್ವರಕ್ಕ ಜಗತ್ತಿನಾಗ ಔಷಧ ಇತ್ತು. ಆಕಿ ಖೋಲಿಯೊಳಗ ಇದ್ದಿಲ್ಲ, ಅಷ್ಟೇ.

ಸ್ವಾತಂತ್ರ್ಯ ಬರೂ ಹೊತ್ತಿಗೆ, 1946ರಾಗ, ಭೋರ್ ಸಮಿತಿ ದೇಶದ ಆರೋಗ್ಯದ ವರದಿ ಕೊಟ್ಟಿತು. ವರ್ಷಕ್ಕ ಸುಮಾರು 2 ಲಕ್ಷ ತಾಯಂದ್ರು ಹೆರಿಗಿ ಸಂಬಂಧ ಸಾಯ್ತಾರ ಅಂತ ಅದರ ಅಂದಾಜು. 1951ರಾಗ ಪಂಜಾಬಿನ ತರನ್ ತಾರನ್ ಊರಿನ ಒಂದು ಮಿಷನ್ ದವಾಖಾನಿಯೊಳಗ ಎ.ಎನ್.ಎಂ. ಅನ್ನೂ ತರಬೇತಿ ಸುರು ಆತು. ನಮ್ಮ ಕಡೆ ಈಗ ನರ್ಸಬಾಯಿ, ಸಿಸ್ಟರಬಾಯಿ ಅಂತೀವಲ್ಲಾ, ಚೀಲಾ ಹಿಡಕೊಂಡು ಹಳ್ಳಿಗೆ ಬರೂ ಅವರೇ ಇವರು. ಸುಮಾರು 5,000 ಜನಕ್ಕ ಒಂದು ಉಪಕೇಂದ್ರ, ಅದಕ್ಕ ಒಬ್ಬ ನರ್ಸಬಾಯಿ. ಬಸುರು, ಹೆರಿಗಿ, ಬಾಣಂತನ, ಚುಚ್ಚುಮದ್ದು ಎಲ್ಲಾ ಆಕಿ ತಲಿ ಮ್ಯಾಲೆ.

ಆದ್ರ 1960-70ರ ದಶಕದಾಗ ಸರಕಾರಕ್ಕ ಜನಸಂಖ್ಯೆದ ಚಿಂತಿ ಹತ್ತಿತು. ನರ್ಸಬಾಯಿಗೆ ಇಂತಿಷ್ಟು ಆಪರೇಷನ್ ಕೇಸ್ ತರಬೇಕು ಅಂತ ಗುರಿ ಕೊಟ್ರು. ಆ ಗುರಿ ಪದ್ಧತಿ ಬಿಟ್ಟದ್ದು 1996ರಾಗ. ಅಲ್ಲೀತನಕ ಆಕಿ ಮನಿಗೆ ಬಂದ್ರ, "ಬಂದ್ಲಪಾ ಆಪರೇಷನ್ ಮಾಡಸಾಕಿ" ಅಂತ ಮುದುಕೀರು ಬಾಗಲಾ ಮುಂದ ಮಾಡ್ತಿದ್ರು. ಬಾಣಂತಿ ಹಂತ್ಯಾಕ ಕೂತು ನಾಕು ಮಾತು ಆಡಲಿಕ್ಕೆ ಆಕಿಗೂ ಹೊತ್ತಿಲ್ಲ, ಇವರಿಗೂ ನಂಬಿಕಿ ಇಲ್ಲ.

ಅದೇ ಕಾಲಕ್ಕ ಅಮೇರಿಕಾದಾಗ ಬ್ಯಾರೆ ಒಂದು ಮಾತು ನಡದಿತ್ತು. ಅಲ್ಲಿ ಹೆರಿಗಿ ಎಲ್ಲಾ ದವಾಖಾನಿಗೆ ಹೋಗಿದ್ವು. ಬಾಣಂತಿ ಒಂದು ಕಡೆ, ಕೂಸು ಕಾಜಿನ ಖೋಲಿಯೊಳಗ ಇನ್ನೊಂದು ಕಡೆ. ಮೊದಲ ಹತ್ತು ಹತ್ತು ದಿನ ಹಾಸಿಗಿಂದ ಏಳಗೊಡತಿದ್ದಿಲ್ಲ. ಎರಡನೇ ಮಹಾಯುದ್ಧದಾಗ ಹಾಸಿಗಿ, ನರ್ಸು ಎಲ್ಲಾ ಸಾಲದ ಬಂದು, ಲಗೂ ಎಬ್ಬಿಸಿ ಅಡ್ಡಾಡಸಿದ್ರು. ನೋಡಿದ್ರ ಬಾಣಂತಿಯರು ಇನ್ನೂ ಚಂದ ಚೇತರಿಸಿಕೊಂಡ್ರು. ಅಲ್ಲಿಯ ಬಾಣಂತನವೂ ಕುರುಡು ರೂಢಿ ಮ್ಯಾಲೇ ನಡದಿತ್ತು ಅನ್ನೂದು ಆವಾಗ ತಿಳೀತು.

1961ರಾಗ ರೀವಾ ರೂಬಿನ್ ಅನ್ನೂ ನರ್ಸಬಾಯಿ, ಬಾಣಂತಿಯರ ಬಗಲಿಗೆ ಕೂತು ನೋಡಿದ್ದನ್ನ ಬರದ್ಲು. ಹೆರಿಗಿ ಆದ ಮೊದಲ ಎರಡು ಮೂರು ದಿನ ತಾಯಿಗೆ ತನ್ನ ಮೈದೇ ಧ್ಯಾನ ಇರ್ತದ. ಹಸಿವಿ, ನಿದ್ದಿ, ಹೆರಿಗಿ ಹೆಂಗಾತು ಅಂತ ಮತ್ತ ಮತ್ತ ಹೇಳೂದು. ಆವಾಗ ಆಕಿಗೆ ಸೇವಾ ಮಾಡಬೇಕು, ಆಕಿ ಮಾತು ಕೇಳಬೇಕು. ಮೂರನೇ ದಿನದ ಸುಮಾರಿಗೆ ಆಕಿ ತಾನೇ ಏಳ್ತಾಳ. ನನ್ನ ಉಚ್ಚಿ, ಸಂಡಾಸ ಸರಿ ಆಗ್ಯಾವೋ ಇಲ್ಲೋ, ಹಾಲು ಸಾಕಾಗ್ತದೋ ಇಲ್ಲೋ, ಕೂಸನ್ನ ಸರಿ ಹಿಡದೀನೋ ಇಲ್ಲೋ ಅಂತ ಒಂದಕ್ಕೊಂದು ಚಿಂತಿ. ಚೊಚ್ಚಲದಾಕಿಗಂತೂ ಪ್ರತಿಯೊಂದೂ ಹೊಸಾದು. ಕಲಿಯಲಿಕ್ಕೆ ಆಕಿ ತಯಾರಿರೂ ಹೊತ್ತು ಅದು. ಆವಾಗ ಕಲಿಸೂ ನರ್ಸು ಹಂತ್ಯಾಕ ಇರಬೇಕು.

ಹತ್ತು ವರ್ಷದ ಮ್ಯಾಲೆ, 1971ರಾಗ, ಡೊರೊಥಿಯಾ ಓರೆಮ್ ಅನ್ನೂ ಇನ್ನೊಬ್ಬ ನರ್ಸಬಾಯಿ ಒಂದು ಪುಸ್ತಕ ಬರದ್ಲು. ತನ್ನ ಮೈ ತಾ ನೋಡಿಕೊಳ್ಳೂ ಶಕ್ತಿ ಪ್ರತಿಯೊಬ್ಬರಿಗೂ ಇರ್ತದ, ಅದು ಕಡಿಮಿ ಬಿದ್ದಷ್ಟೇ ನರ್ಸು ತುಂಬಿಕೊಡಬೇಕು ಅನ್ನೂದು ಅದರ ಸಾರ. ನರ್ಸಿನ ಕೆಲಸ ಮೂರು ತರಹ ಅಂತ ಆಕಿ ಹೇಳಿದ್ಲು. ಏನೂ ಆಗಲಾರದವರಿಗೆ ಎಲ್ಲಾ ತಾನೇ ಮಾಡೂದು. ಅರ್ಧ ಆಗವರಿಗೆ ಅರ್ಧ ಮಾಡೂದು. ಆಗವರಿಗೆ ಕಲಿಸಿ, ಧೈರ್ಯ ಕೊಟ್ಟು ಬಗಲಿಗೆ ನಿಲ್ಲೂದು.

ಇದನ್ನ ಓದಿದಾಗ ನನಗ ನಮ್ಮ ಖೋಲಿ ನೆನಪಾತು. ನಾವು 40 ದಿನ ಮೊದಲನೇ ತರಹದಾಗೇ ನಿಂತುಬಿಡತಿದ್ವಿ. ತಿಕ್ಕಾಕಿ ಒಬ್ಬಾಕಿ, ಎರಿಯಾಕಿ ಒಬ್ಬಾಕಿ, ಉಣಿಸಾಕಿ ಒಬ್ಬಾಕಿ. ಬಾಣಂತಿ ಮಾತ್ರ ತನ್ನ ಮೈ ಬಗ್ಗೆ ಏನೂ ಕಲಿಯದ ಹೊರಗ ಬರ್ತಿದ್ಲು.

ನನಗ ಕಲಿಸಿದಾಕಿ ಒಬ್ಬ ನರ್ಸಬಾಯಿ. 1983ರಾಗ ನನ್ನ ಚೊಚ್ಚಲ ಹೆರಿಗಿ ಒಂದು ಸರಕಾರಿ ದವಾಖಾನಿಯೊಳಗ ಆತು. ಕೆಳಗ ಹೊಲಿಗಿ ಹಾಕಿದ್ರು. ಮೂರನೇ ದಿನ ಸಂಜಿಮುಂದ ಅವ್ವ ಬುತ್ತಿ ತರಲಿಕ್ಕೆ ಮನಿಗೆ ಹೋಗಿದ್ಲು. ಆ ನರ್ಸಬಾಯಿ ಬಂದು ಮಂಚದ ತುದಿಗೆ ಕೂತ್ಲು.

"ನಿನಗ ಹೆಂಗದವಾ?"

"ಕೂಸು ಹಾಲು ಕುಡೀಲಿಕ್ಕತ್ತದ್ರೀ."

"ಕೂಸಿಂದಲ್ಲ, ನಿಂದು ಕೇಳೀನಿ."

ನನಗ ಮಾತೇ ಹೊರಡಲಿಲ್ಲ, ಅಳು ಬಂತು. ಹೊಲಿಗಿ ಉರೀತಾವ ಅಂತ ಮುಂಜಾನಿಂದ ಉಚ್ಚಿ ತಡಕೊಂಡಿದ್ದೆ. ಅದನ್ನ ಯಾರ ಮುಂದ ಹೇಳೂದು? ಆಕಿ ನಗಲಿಲ್ಲ, ಬೈಲಿಲ್ಲ. ಬಚ್ಚಲಿಗೆ ಕರಕೊಂಡು ಹೋಗಿ, ಉಗುರುಬೆಚ್ಚನ ನೀರು ಸುರುವಿಕೋತ ಕೂತ್ರ ಉರಿ ಕಡಿಮಿ ಆಗ್ತದ ಅಂತ ತೋರಿಸಿದ್ಲು. ಮುಂದಿನಿಂದ ಹಿಂದಕ್ಕ ಒರಸಬೇಕು, ಹಿಂದಿನಿಂದ ಮುಂದಕ್ಕ ಅಲ್ಲ. ಅರವಿ ಬದಲಿಸೂಕಿಂತ ಮೊದಲೂ ಕೈ ತೊಳಕೋ, ಆಮ್ಯಾಲೂ ತೊಳಕೋ. ಅರವಿ ಬಿಸಲಾಗ ಒಣಗಸು, ಯಾರಿಗೂ ಕಾಣಬಾರದು ಅಂತ ಮಂಚದ ಕೆಳಗ ಒಣಗಸಬ್ಯಾಡ. ನನ್ನ ಕೈ ಹಿಡದು ನನ್ನ ಹೊಟ್ಟಿ ಮ್ಯಾಲೆ ಇಟ್ಟು, "ಇಲ್ಲೆ ಗಟ್ಟಿ ಹತ್ತತದ ನೋಡು, ಇದು ನಿನ್ನ ಗರ್ಭಕೋಶ. ದಿನಾ ಕೆಳಗಿಳೀತದ. ನೀನ ನೋಡಿಕೋತ ಇರು" ಅಂದ್ಲು. ನನ್ನ ಮೈ ಒಳಗಿನ ಒಂದು ವಸ್ತು ನನ್ನ ಕೈಗೆ ಹತ್ತಿದ್ದು ಅದೇ ಮೊದಲು.

ಅಷ್ಟರಾಗ ಅವ್ವ ಬಂದ್ಲು. ನರ್ಸಬಾಯಿ ನನ್ನ ಒಡದ ತುಟಿ ನೋಡಿ, "ಇವರಿಗೆ ನೀರು ಕೊಡ್ರಿ ಅವ್ವಾರ. ಎಷ್ಟು ಬೇಕಾಗ್ತದ ಅಷ್ಟು ಕುಡೀಲಿ" ಅಂದ್ಲು. ಅವ್ವ ಆಗೂದಿಲ್ಲ ಅಂದ್ಲು. ಆಕಿ ಸಾವಕಾಶ, "ಆಕಳಿಗೆ ನೀರು ಕುಡಸದ ಹಾಲು ಹಿಂಡತೀರೇನ್ರೀ?" ಅಂತ ಕೇಳಿದ್ಲು. ವಾರ್ಡಿನ ಮಂದಿ ಎಲ್ಲಾ ನಕ್ಕರು. ಅವ್ವ ನಗಲಿಲ್ಲ. ಆಕಿ ಮಾರಿ ಮ್ಯಾಲಿನ ಹೆದರಿಕಿ ನನಗ ಆವಾಗ ಸಿಟ್ಟಿನಗತೆ ಕಂಡಿತ್ತು. ಐದನೇ ದಿನ ಮನಿಗೆ ಬಂದ್ವಿ, ಮತ್ತ ಎರಡು ವಾಟಗಾದ ಲೆಕ್ಕ. ನಾನೂ ರಾತ್ರಿ ಕದ್ದು ನೀರು ಕುಡದೆ. ಕುಡದು, ಈಗ ಸಾಯ್ತೀನೋ ನಾಳೆ ಸಾಯ್ತೀನೋ ಅಂತ ಹೆದರಿಕೋತ ಮಲಗಿದೆ.

ಆ ನರ್ಸಬಾಯಿ ರೂಬಿನ್ನನ್ನ ಓದಿದ್ಲೋ ಇಲ್ಲೋ, ಮಾಡಿದ್ದು ಮಾತ್ರ ಅದನ್ನೇ. ಮೂರನೇ ದಿನ, ಸರಿಯಾದ ಹೊತ್ತಿಗೆ ಬಂದಿದ್ಲು.

ಈಗಿನ ಕಾಲಕ್ಕ ಬರೂಣು. 2005ರಾಗ ಜನನಿ ಸುರಕ್ಷಾ ಯೋಜನಾ ಬಂತು, ಹಳ್ಳಿಗೆ ಆಶಾ ಕಾರ್ಯಕರ್ತೆಯರು ಬಂದ್ರು. 2007ರಾಗ ನಮ್ಮ ರಾಜ್ಯದಾಗ ಮಡಿಲು ಕಿಟ್ ಸುರು ಆತು. 2005-06ರ ಸಮೀಕ್ಷಾದಾಗ ಕರ್ನಾಟಕದ ನೂರು ಹೆರಿಗಿಯೊಳಗ 65 ದವಾಖಾನಿಯೊಳಗ ಆಗತಿದ್ವು. 2019-21ರ ಹೊತ್ತಿಗೆ 97. ಒಂದು ಲಕ್ಷ ಹೆರಿಗಿಗೆ ಸಾಯೂ ತಾಯಂದ್ರ ಲೆಕ್ಕ ನಮ್ಮ ರಾಜ್ಯದಾಗ 2001-03ರಾಗ 228 ಇದ್ದದ್ದು, 2018-20ರಾಗ 69ಕ್ಕ ಇಳೀತು. ಇದು ಸಣ್ಣ ಮಾತಲ್ಲ.

ಈ ಕಥಿಯೊಳಗ ನಮ್ಮ ಕಡೆಯ ನರ್ಸಬಾಯಿಯರದೂ ಒಂದು ಪಾಲದ. ಬೆಳಗಾವಿ ಜಿಲ್ಲಾದ ಹಳ್ಳಿಯೊಳಗ 2002ರಿಂದ 2005ರ ತನಕ ಅಲ್ಲಿಯ ಜೆ.ಎನ್. ಮೆಡಿಕಲ್ ಕಾಲೇಜಿನವರು ಒಂದು ಅಧ್ಯಯನ ಮಾಡಿದ್ರು. ಹೆರಿಗಿ ಆದ ಕೂಡಲೇ ಮಿಸೊಪ್ರೊಸ್ಟಾಲ್ ಅನ್ನೂ ಗುಳಗಿ ಕೊಟ್ರ ರಕ್ತಸ್ರಾವ ಕಡಿಮಿ ಆಗ್ತದೇನು ಅಂತ ನೋಡೂದು. ಕೊಟ್ಟವರು, ಬಗಲಿಗೆ ಕೂತು ಹೋದ ರಕ್ತ ಅಳದವರು ಎ.ಎನ್.ಎಂ. ಬಾಯಿಯರು. 1,620 ತಾಯಂದ್ರು ಅದರಾಗ ಇದ್ರು. ಖಾಲಿ ಗುಳಗಿ ತಗೊಂಡವರೊಳಗ ನೂರಕ್ಕ 12 ಮಂದಿಗೆ ಹೆಚ್ಚಿನ ರಕ್ತಸ್ರಾವ ಆದ್ರ, ಈ ಗುಳಗಿ ತಗೊಂಡವರೊಳಗ ನೂರಕ್ಕ 6.4 ಮಂದಿಗೆ. 2006ರಾಗ ಅದು ಲ್ಯಾನ್ಸೆಟ್ ಅನ್ನೂ ದೊಡ್ಡ ವೈದ್ಯಕೀಯ ಪತ್ರಿಕಾದಾಗ ಬಂತು. ನಮ್ಮ ಹಳ್ಳಿ ನರ್ಸಬಾಯಿಯರ ಕೆಲಸದಿಂದ ಜಗತ್ತು ಕಲೀತು ಅನ್ನೂದು ನಾವು ಹೆಮ್ಮಿ ಪಡೂ ಮಾತು.

ಆದ್ರ ಒಂದು ತೊಡಕು ಉಳದದ. ಹೆರಿಗಿ ಸಲೀಸಾದ್ರ ಈಗ ಎರಡು ದಿನಕ್ಕ ಮನಿಗೆ ಕಳಸ್ತಾರ. ಬಾಣಂತಿ ಕಲಿಯಲಿಕ್ಕೆ ತಯಾರಾಗೂ ಮೂರನೇ ದಿನಕ್ಕ ಆಕಿ ಆಟೋದಾಗ ಕೂತಿರ್ತಾಳ. ಅದಕ್ಕಂತ 2011ರಿಂದ ಆಶಾ ಬಾಯಿ 3, 7, 14, 21, 28, 42ನೇ ದಿನ, ಹಿಂಗ ಆರು ಸಲ ಮನಿಗೆ ಬರೂ ಪದ್ಧತಿ ಆತು. ಹೆಸರು ಕೂಸಿನ ಆರೈಕಿದ್ದಿದ್ರೂ ತಾಯಿನ್ನೂ ಕೇಳಬೇಕು ಅಂತ ಅದರಾಗದ. ಎಷ್ಟೋ ಜಿಲ್ಲಾ ದವಾಖಾನಿಯೊಳಗ ಮನಿಗೆ ಕಳಸೂಕಿಂತ ಮೊದಲ ನರ್ಸುಗಳು ಬಾಣಂತಿಯರನ್ನೂ ಅವರ ಜೋಡಿ ಬಂದವರನ್ನೂ ಕೂಡಿಸಿ ಪಾಠ ಮಾಡ್ತಾರ. ಜೋಡಿ ಬಂದವರು ಅಂದ್ರ ನಾವೇ. ಅತ್ತಿ, ಅವ್ವ, ಅಜ್ಜಿ.

ಮನಸ್ಸಿನ ಮಾತೂ ಈಗ ಸುರು ಆಗೇದ. 1987ರಾಗ ಸ್ಕಾಟ್‌ಲೆಂಡಿನ ಎಡಿನ್‌ಬರೋದಾಗ ಹತ್ತು ಪ್ರಶ್ನಾದ ಒಂದು ಹಾಳಿ ಮಾಡಿದ್ರು. ನಗು ಬರ್ತದೋ, ನಿದ್ದಿ ಬರ್ತದೋ, ತನಗ ತಾ ಏನರ ಮಾಡಿಕೊಳ್ಳೂ ವಿಚಾರ ಬರ್ತದೋ ಅಂತ ಬಾಣಂತಿನ್ನ ಕೇಳೂದು. ಅದು ಕನ್ನಡಕ್ಕೂ ಬಂದದ. ಬೆಂಗಳೂರಿನ ನಿಮ್ಹಾನ್ಸ್‌ದಾಗ 2009ರಿಂದ ತಾಯಿ ಕೂಸು ಇಬ್ಬರನ್ನೂ ಅಗಲಸದ ಮನಸ್ಸಿಗೆ ಉಪಚಾರ ಮಾಡೂ ವಿಭಾಗ ಅದ. ನಮ್ಮಲ್ಲಿ ಜ್ವರ ತಲಿಗೇರಿದ್ರೂ ಸನ್ನಿ, ಮನಸ್ಸು ಕೆಟ್ಟರೂ ಸನ್ನಿ. ಎರಡಕ್ಕೂ ತಪ್ಪು ಬಾಣಂತಿದೇ.

ಈಗ ಮಗಳ ಮಾತು. ಹೆರಿಗಿ ಚಂದ ಆತು, ಮೂರನೇ ದಿನಕ್ಕ ಮನಿಗೆ ಬಂದ್ವಿ. ನಾನೇ ಎಣ್ಣಿ ಹಚ್ಚಿ ಎರದೆ, ಅಂಟಿನುಂಡಿ ಕಟ್ಟಿದೆ. ಎಂಟನೇ ದಿನ ಮಧ್ಯಾಹ್ನ ಆಕಿ ಬಚ್ಚಲದಿಂದ ಬಂದು, "ಅವ್ವಾ, ಭಾಳ ಹೋಗಲಿಕ್ಕತ್ತದ. ಕಡಿಮಿ ಆಗಿತ್ತು, ಈಗ ಮತ್ತ ಕೆಂಪಗ ಸುರು ಆಗೇದ. ಇದು ಸರಿ ಅನಸವಲ್ದು" ಅಂದ್ಲು. ನಾ ಏನ ಅಂದೆ ಗೊತ್ತೇನು? "ಬಾಣಂತಿಗೆ ಹೋಗೂದ ಅದ. ಹೊಲಸು ಹೋದಷ್ಟು ಛಲೋ. ಮಲಕೋ." ಇಷ್ಟೆಲ್ಲಾ ಕಂಡಾಕಿ ನಾನು ಹಂಗ ಅಂದೆ.

ಆಕಿ ಮಲಗಲಿಲ್ಲ. ದವಾಖಾನಿಯೊಳಗ ನರ್ಸು ಹೇಳಿದ್ದು ಆಕಿಗೆ ನೆನಪಿತ್ತು: ಒಂದು ತಾಸಿನಾಗ ಒಂದು ದಪ್ಪನ ಪ್ಯಾಡ್ ಪೂರಾ ತೊಯ್ದ್ರ, ಗಡ್ಡಿ ಗಡ್ಡಿ ಬಿದ್ರ, ಯಾರನ್ನೂ ಕೇಳಬ್ಯಾಡ, ನನಗ ಫೋನ್ ಹಚ್ಚು. ತಾನೇ ಫೋನ್ ಹಚ್ಚಿದ್ಲು. ಅರ್ಧ ತಾಸಿನಾಗ ಗಾಡಿ ಬಂತು. ದಾರಿಯೊಳಗ ಆಕಿ ಮಾರಿ ಬೆಳ್ಳಗಾದದ್ದು ನೋಡಿ ನನ್ನ ಜೀವ ನನ್ನ ಕೈಯಾಗ ಇದ್ದಿಲ್ಲ. ಮಾಸದ ಒಂದು ತುಣುಕು ಒಳಗ ಉಳದಿತ್ತಂತ. ಅದನ್ನ ತಗದ್ರು, ರಕ್ತ ಹಾಕಿದ್ರು. "ಸಂಜಿತನಕ ಕೂತಿದ್ರ ಕಷ್ಟ ಇತ್ತು" ಅಂತ ಡಾಕ್ಟರಬಾಯಿ ಅಂದ್ರು. ನಾ ಕಾಯಿಸಿದ ಬೆಂಕಿ, ಕಟ್ಟಿದ ಉಂಡಿ ಆವತ್ತು ಆಕಿನ್ನ ಉಳಸಲಿಲ್ಲ. ನರ್ಸು ಕಲಿಸಿದ ನಾಕು ಮಾತು, ತನ್ನ ಮೈ ಮಾತು ತಾ ನಂಬಿದ್ದು, ಅದು ಉಳಸ್ತು.

ಅದಕ್ಕ, ಅಕ್ಕಂದಿರ, ತಂಗ್ಯಾರ, ನಿಮ್ಮ ಮನ್ಯಾಗ ಬಾಣಂತಿ ಇದ್ರ ಇಷ್ಟು ನೆನಪಿಡ್ರಿ. ರಕ್ತದ ಮಾತು ಮ್ಯಾಲೆ ಹೇಳೀನಿ. ಚಳಿಜ್ವರ, ಕೆಟ್ಟ ವಾಸನಿ, ಹೊಟ್ಟಿನೋವು, ತಲಿ ಸಿಡದು ಕಣ್ಣು ಮಂಜಾಗೂದು, ಫಿಟ್ಸ್, ಮಾರಿ ಕೈ ಬಾವು, ಉಸರು ಕಟ್ಟೂದು, ಒಂದೇ ಕಾಲಿನ ಮೀನಖಂಡ ಬಾತು ನೋಯೂದು, ಇದರಾಗ ಒಂದು ಕಂಡ್ರೂ ದಾರಿ ನೋಡಬ್ಯಾಡ್ರಿ, ದವಾಖಾನಿಗೆ ನಡೀರಿ. ಕಬ್ಬಿಣದ ಗುಳಗಿ ಹೆರಿಗಿ ಆದಮ್ಯಾಲೂ ಆರು ತಿಂಗಳು ತಗೋಬೇಕು. ಎರಡು ವಾರ ದಾಟಿದ್ರೂ ಆಕಿ ಅಳೂದು ನಿಲ್ಲದಿದ್ರ, ಕೂಸು ಬ್ಯಾಡ, ಜೀವ ಬ್ಯಾಡ ಅಂದ್ರ, ಗದರಿಸಬ್ಯಾಡ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ, ನರ್ಸಬಾಯಿಗೆ ಹೇಳ್ರಿ. ಅಂಟಿನುಂಡಿನೂ ಇರಲಿ, ಎಣ್ಣಿ ನೀರೂ ಇರಲಿ. ಖೋಲಿಯೊಳಗಿನ ಹೊಗಿ ಹೊರಗ ಹೋಗಲಿ. ನೀರು ಆಕಿ ಕೈಗೆ ಸಿಗೂ ಹಂಗ ಇಡ್ರಿ.

ದವಾಖಾನಿಯಿಂದ ಮಗಳು ಬಂದ ದಿನ ಆಕಿ ತಲಿದೆಸಿಗೆ ಒಂದು ತಂಬಿಗಿ ನೀರು ಇಟ್ಟೆ. ಇಟ್ಟು ಹೊರಗ ಬಂದು ಅಣ್ಣಗ ಫೋನ್ ಹಚ್ಚಿದೆ. ಅವ್ವ ಇದ್ದಿದ್ರ ಮೊದಲ ಆಕಿಗೆ ಹೇಳತಿದ್ದೆ, ಆಕಿ ಇಲ್ಲ.

"ಅಣ್ಣಾ, ದೊಡ್ಡವ್ವ ನೀರು ಕುಡದು ಸಾಯಲಿಲ್ಲ. ಜ್ವರ ಬಂದದ್ದು ಮೂರನೇ ದಿನ. ನೀರು ಕುಡದದ್ದು ಆರನೇ ದಿನ. ಅಜ್ಜಿನೂ ಅವ್ವನೂ ಯಾವಾಗ್ಲೂ ಇದೇ ಕ್ರಮದಾಗೇ ಹೇಳ್ಯಾರ. ನಾವ್ಯಾರೂ ಲೆಕ್ಕ ಹಾಕಲಿಲ್ಲ. ಜ್ವರಕ್ಕ ನೀರಡಿಕಿ ಆಗಿತ್ತು."

ಅಂವ ಭಾಳ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ಟಾತೇನೋ ಅಂತ ತಿಳದೆ. ಆಮ್ಯಾಲೆ ಸಣ್ಣ ದನಿಲೆ ಕೇಳಿದ:

"ಹಂಗಾದ್ರ ಮೂರು ದಿನ ಆಕಿಗೆ ನೀರ ಕೊಟ್ಟಿದ್ದಿಲ್ಲ ಅಂತಾತಲ್ಲಾ, ತಂಗೀ?"